ವಿಡಿಯೊ ದೃಶ್ಯದಲ್ಲಿ ಜರ್ಕ್

ವಿಡಿಯೊ ಜರ್ಕ್ ಎಂದರೆ ಚಿತ್ರೀಕರಿಸಿದ ದೃಶ್ಯದಲ್ಲಿನ ಚಲನೆಯು ಒಂದೇ ಹರಿವಾಗಿ ಕಾಣದೆ, ತುಂಡುತುಂಡಾಗಿ, ಎಗರಿ ಎಗರಿ ಸಾಗಿದಂತೆ ತೋರುವ ದೋಷ. ಓಡುವ ಮಗು, ಬೀಸುವ ಕೈ, ತಿರುಗುವ ಚಕ್ರ, ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ತಿರುಗಿಸಿದಾಗ ಸರಿಯುವ ಹಿನ್ನೆಲೆ, ಇವುಗಳಲ್ಲಿ ಇದು ಎದ್ದು ಕಾಣುತ್ತದೆ. ಕೈ ನಡುಗಿದ್ದರಿಂದ ಇಡೀ ಚಿತ್ರವೇ ಅಲುಗಾಡುವುದು ಬೇರೆ ದೋಷ. ಅಲುಗಾಟದಲ್ಲಿ ಚೌಕಟ್ಟು ಸ್ಥಿರವಾಗಿರುವುದಿಲ್ಲ. ಜರ್ಕಿನಲ್ಲಿ ಕ್ಯಾಮೆರಾ ಮುಕ್ಕಾಲಿಯ (ಟ್ರೈಪಾಡ್) ಮೇಲೆ ಅಲುಗದೆ ನಿಂತಿದ್ದರೂ ಒಳಗಿನ ಚಲನೆ ಮುರಿದಿರುತ್ತದೆ. ಇವೆರಡನ್ನೂ ಒಂದೇ ಎಂದು ಬಗೆದು ಹೊಸ ಮುಕ್ಕಾಲಿ ಕೊಂಡು ನಿರಾಶರಾಗುವವರು ಕಡಮೆಯಲ್ಲ.

ಈ ದೋಷಕ್ಕೆ ಅತ್ಯಂತ ಸಾಮಾನ್ಯವಾದ ಕಾರಣ ಕ್ಯಾಮೆರಾ ತಾನಾಗಿಯೇ ಆರಿಸಿಕೊಳ್ಳುವ ಷಟರ್ ವೇಗ. ಬಳಸುವವರು ಆಯ್ದ ಮೋಡ್ ಕೂಡ ಈ ಆಯ್ಕೆಯನ್ನು ನಿರ್ಧರಿಸುತ್ತದೆ. ಒಮ್ಮೆ ದಾಖಲಾದ ಬಳಿಕ ದೋಷವನ್ನು ಪೂರ್ಣವಾಗಿ ತೆಗೆಯಲಾಗದು. ಮದುವೆಯ ಧಾರೆ, ಶಾಲೆಯ ಓಟದ ಸ್ಪರ್ಧೆ, ಹಿರಿಯರೊಬ್ಬರ ಕೊನೆಯ ರಂಗಪ್ರವೇಶ ಮೊದಲಾದವು ಮತ್ತೊಮ್ಮೆ ನಡೆಯುವಂಥವಲ್ಲ. ಆದುದರಿಂದ ಇದನ್ನು ಚಿತ್ರೀಕರಣಕ್ಕೆ ಮುಂಚೆಯೇ ತಿಳಿದಿರುವುದು ಅವಶ್ಯಕ.

ಹಿನ್ನೆಲೆ

ವಿಡಿಯೊ ಎಂಬುದು ಸ್ಥಿರಚಿತ್ರಗಳ ಸಾಲು. ಒಂದೊಂದು ಚಿತ್ರವನ್ನೂ ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ ಎಷ್ಟು ಫ್ರೇಮುಗಳು ಎಂಬುದು ಫ್ರೇಮ್ ದರ. ಬೇಗಬೇಗನೆ ಬದಲಾಗುವ ಸ್ಥಿರಚಿತ್ರಗಳನ್ನು ಕಣ್ಣು ಮತ್ತು ಮಿದುಳು ಚಲನೆಯೆಂದು ಗ್ರಹಿಸುತ್ತವೆ. ಈ ತೋರಿಕೆಯ ಚಲನೆಯನ್ನು ಕುರಿತು ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಮಾತಿನ ಚಿತ್ರಗಳು ಬಂದ ಕಾಲದಲ್ಲಿ ಸಿನಿಮಾ ಸೆಕೆಂಡಿಗೆ 24 ಫ್ರೇಮಿಗೆ ನೆಲೆಗೊಂಡಿತು. ಭಾರತದಲ್ಲಿ ದೂರದರ್ಶನ ಪ್ರಸಾರವು ಪಾಲ್ ಪದ್ಧತಿಯನ್ನು ಅನುಸರಿಸಿದ್ದರಿಂದ ಇಲ್ಲಿ 25 ರೂಢಿಗೆ ಬಂದಿತು. ಮೊಬೈಲುಗಳು ಸಾಮಾನ್ಯವಾಗಿ 30 ಅಥವಾ 60 ಫ್ರೇಮಿನಲ್ಲಿ ಚಿತ್ರೀಕರಿಸುತ್ತವೆ.

ಷಟರ್ ವೇಗವೆಂದರೆ ಪ್ರತಿ ಫ್ರೇಮಿಗೂ ಸೆನ್ಸರಿನ ಮೇಲೆ ಬೆಳಕು ಬೀಳುವ ಅವಧಿ. ಫ್ರೇಮ್ ದರವೂ ಷಟರ್ ವೇಗವೂ ಬೇರೆಬೇರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸೆಕೆಂಡಿಗೆ 25 ಫ್ರೇಮ್ ತೆಗೆಯುವ ಕ್ಯಾಮೆರಾ ಒಂದೊಂದು ಫ್ರೇಮಿಗೂ 1/50 ಸೆಕೆಂಡ್ ಕಣ್ಣು ತೆರೆಯಬಹುದು, 1/2000 ಸೆಕೆಂಡೂ ತೆರೆಯಬಹುದು. ಎರಡರಲ್ಲಿಯೂ ಫ್ರೇಮುಗಳ ಸಂಖ್ಯೆ ಒಂದೇ. ಕಣ್ಣಿಗೆ ಕಾಣುವ ಚಲನೆ ಮಾತ್ರ ಬಹಳ ಬೇರೆ.

ಒಂದು ಲೆಕ್ಕ ಮಾಡಿ ನೋಡಬಹುದು. 1920 ಪಿಕ್ಸೆಲ್ ಅಗಲದ ದೃಶ್ಯವನ್ನು ಓಟಗಾರನೊಬ್ಬ 2 ಸೆಕೆಂಡಿನಲ್ಲಿ ದಾಟುತ್ತಾನೆ ಎನ್ನೋಣ. 25 ಫ್ರೇಮಿನ ದರದಲ್ಲಿ ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಅವನು ಸುಮಾರು 38 ಪಿಕ್ಸೆಲ್ ಮುಂದೆ ಸರಿದಿರುತ್ತಾನೆ. ಷಟರ್ 1/50 ಇದ್ದರೆ ತೆರೆದಿರುವ ಅವಧಿಯಲ್ಲಿ ಅವನು 19 ಪಿಕ್ಸೆಲ್‌ನಷ್ಟು ಚಲಿಸಿ, ಅಷ್ಟುದ್ದದ ಮಸುಕು ಚಿತ್ರದಲ್ಲಿ ಉಳಿಯುತ್ತದೆ. ಹೀಗಾಗಿ 38ರ ಜಿಗಿತದಲ್ಲಿ ಅರ್ಧಭಾಗ ಮಸುಕಿನಿಂದಲೇ ತುಂಬಿರುತ್ತದೆ. ಷಟರ್ 1/2000 ಆದರೆ ಮಸುಕು ಅರ್ಧ ಪಿಕ್ಸೆಲ್ ಮಾತ್ರ. ಪ್ರತಿ ಫ್ರೇಮೂ ಕಲ್ಲಿನಲ್ಲಿ ಕೆತ್ತಿದಂತೆ ಸ್ಪಷ್ಟ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 38 ಪಿಕ್ಸೆಲಿನ ಖಾಲಿ ಜಾಗ. ಆ ಖಾಲಿಯನ್ನು ಮಿದುಳು ತುಂಬಿಕೊಳ್ಳಲಾರದೆ ಜಿಗಿತವೆಂದೇ ಕಾಣುತ್ತದೆ. ಸ್ಥಿರಚಿತ್ರದಲ್ಲಿ ದೋಷವೆನಿಸುವ ಮಸುಕು ವಿಡಿಯೊದಲ್ಲಿ ಚಲನೆಯನ್ನು ಬೆಸೆಯುವ ಅಂಟಿನಂತೆ ವರ್ತಿಸುತ್ತದೆ. ಛಾಯಾಗ್ರಹಣವನ್ನು ಸ್ಥಿರಚಿತ್ರದಿಂದ ಆರಂಭಿಸಿದವರಿಗೆ ಇದು ಮೊದಲಿಗೆ ವಿಪರೀತವೆನಿಸುವುದು ಸಹಜ.

180 ಡಿಗ್ರಿ ರೂಢಿ

ಫಿಲ್ಮ್ ಕ್ಯಾಮೆರಾಗಳಲ್ಲಿ ಷಟರ್ ಎಂಬುದು ತಿರುಗುವ ತಟ್ಟೆಯಾಗಿತ್ತು. ತಟ್ಟೆಯ ಅರ್ಧ, ಎಂದರೆ 180 ಡಿಗ್ರಿ, ತೆರೆದಿದ್ದು ಉಳಿದರ್ಧ ಮುಚ್ಚಿರುತ್ತಿತ್ತು. ಮುಚ್ಚಿದ ಅವಧಿಯಲ್ಲಿ ಫಿಲ್ಮು ಮುಂದಿನ ಫ್ರೇಮಿಗೆ ಸರಿಯುತ್ತಿತ್ತು. ಹೀಗೆ 24 ಫ್ರೇಮಿನ ದರದಲ್ಲಿ ಪ್ರತಿ ಫ್ರೇಮಿಗೂ 1/48 ಸೆಕೆಂಡ್ ಬೆಳಕು ದೊರೆಯುತ್ತಿತ್ತು. ಯಂತ್ರದ ಅನಿವಾರ್ಯತೆಯಿಂದ ಹುಟ್ಟಿದ ಈ ಅಳತೆಯೇ ತಲೆಮಾರುಗಳ ಪ್ರೇಕ್ಷಕರ ಕಣ್ಣಿಗೆ ಒಗ್ಗಿಹೋಗಿದೆ. ಡಿಜಿಟಲ್ ಕ್ಯಾಮೆರಾದಲ್ಲಿ ತಿರುಗುವ ತಟ್ಟೆ ಇಲ್ಲವಾದರೂ ನಿಯಮ ಉಳಿದುಕೊಂಡಿದೆ: ಷಟರ್ ವೇಗದ ಛೇದವು ಫ್ರೇಮ್ ದರದ ಎರಡರಷ್ಟಿರಬೇಕು. ಇದರಂತೆ 25 ಫ್ರೇಮಿಗೆ 1/50, 30ಕ್ಕೆ 1/60, 50ಕ್ಕೆ 1/100, 60ಕ್ಕೆ 1/120. ಕೆಲವು ಕ್ಯಾಮೆರಾಗಳು ಸೆಕೆಂಡಿನ ಬದಲು ಕೋನದಲ್ಲಿಯೇ ಷಟರನ್ನು ತೋರಿಸುತ್ತವೆ. ಅವುಗಳಲ್ಲಿ 180 ಎಂದು ಇಟ್ಟರೆ ಫ್ರೇಮ್ ದರ ಬದಲಾಯಿಸಿದಾಗ ಷಟರ್ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಇದು ರೂಢಿಯೇ ಹೊರತು ಕಟ್ಟಾಜ್ಞೆಯಲ್ಲ. ಸೂಚಿಸಿದ ಅಳತೆಗಿಂತ ಒಂದಿಷ್ಟು ಆಚೀಚೆ ಆದರೆ ಸಾಮಾನ್ಯ ನೋಡುಗರಿಗೆ ವ್ಯತ್ಯಾಸ ತಿಳಿಯದು. 1/500, 1/1000ದ ಕಡೆಗೆ ಸಾಗಿದಾಗ ತೊಂದರೆ ಕಣ್ಣಿಗೆ ಹೊಡೆಯುತ್ತದೆ.

ದೋಷವನ್ನು ಗುರುತಿಸುವ ಬಗೆ

ಸೆಟ್ಟಿಂಗ್ ಬದಲಿಸಹೊರಡುವ ಮುನ್ನ, ಕೆಟ್ಟಿರುವ ವಿಡಿಯೊವನ್ನೇ ಕಂಪ್ಯೂಟರಿನಲ್ಲಿ ತೆರೆದು ಒಂದೊಂದೇ ಫ್ರೇಮಾಗಿ ನೋಡಬೇಕು. ವಿ.ಎಲ್.ಸಿ. ಪ್ಲೇಯರಿನಲ್ಲಿ ಇಂಗ್ಲಿಷಿನ 'ಇ' ಕೀಲಿಯನ್ನು ಒತ್ತಿದಂತೆಲ್ಲ ಒಂದು ಫ್ರೇಮ್ ಮುಂದೆ ಸರಿಯುತ್ತದೆ. ವೇಗವಾಗಿ ಚಲಿಸುತ್ತಿರುವ ಕೈಯನ್ನೋ ಕಾಲನ್ನೋ ಗಮನಿಸಬೇಕು. ಬೆರಳುಗಳ ಅಂಚು ಪ್ರತಿ ಫ್ರೇಮಿನಲ್ಲಿಯೂ ಚೂಪಾಗಿದ್ದರೆ ಷಟರ್ ಅತಿವೇಗವಾಗಿತ್ತು ಎಂದರ್ಥ. ಎರಡು ಅಥವಾ ನಾಲ್ಕು ಫ್ರೇಮುಗಳು ಒಂದೇ ರೀತಿ ಇದ್ದು ಆಮೇಲೆ ಜಿಗಿತ ಬಂದರೆ, ಮತ್ತು ಮಸುಕೂ ಹೆಚ್ಚಾಗಿದ್ದರೆ, ಷಟರ್ ಅತಿನಿಧಾನವಾಗಿತ್ತು. ಚೂಪೂ ಅಲ್ಲ, ಅತಿ ಮಸುಕೂ ಅಲ್ಲ, ಆದರೆ ಅಲ್ಲಲ್ಲಿ ಮಾತ್ರ ಫ್ರೇಮ್ ಕಳೆದುಹೋಗಿದೆ ಎನಿಸಿದರೆ ಮೆಮೊರಿ ಕಾರ್ಡನ್ನೋ ಸಂಕಲನವನ್ನೋ ಸಂಶಯಿಸಬೇಕು. ಒಂದೊಂದಾಗಿ ನೋಡುವಾಗ ಎಲ್ಲವೂ ಸಮವಾಗಿ ಸರಿದು, ಓಡಿಸಿದಾಗ ಮಾತ್ರ ಜರ್ಕ್ ಕಂಡರೆ ತಪ್ಪು ಬಹುಶಃ ಪರದೆಯದು ಅಥವಾ ಕಂಪ್ಯೂಟರಿನದು. ಐದು ನಿಮಿಷದ ಈ ಪರೀಕ್ಷೆ ಅನೇಕ ದಿನಗಳ ಊಹಾಪೋಹವನ್ನು ಉಳಿಸುತ್ತದೆ.

ಬಿಸಿಲಿನಲ್ಲಿ ಆಟೊ ಮೋಡ್

ಹಗಲು ಹೊರಾಂಗಣದಲ್ಲಿ ತೆಗೆದ ವಿಡಿಯೊ ಜರ್ಕ್ ಹೊಡೆದರೆ ಮೊದಲು ಸಂಶಯಿಸಬೇಕಾದದ್ದು ಆಟೊ ಮೋಡನ್ನು. ಚಿತ್ರ ಅತಿಬೆಳಕಿನಿಂದ ಬಿಳಿಚಿಕೊಳ್ಳದಂತೆ ಕ್ಯಾಮೆರಾ ಮೂರು ದಾರಿಗಳಲ್ಲಿ ಬೆಳಕನ್ನು ತಗ್ಗಿಸಬಲ್ಲದು: ಅಪರ್ಚರ್ (ದ್ಯುತಿರಂಧ್ರ) ಕಿರಿದಾಗಿಸುವುದು, ಐ.ಎಸ್.ಓ. ಇಳಿಸುವುದು, ಷಟರ್ ವೇಗ ಏರಿಸುವುದು. ಬಹುತೇಕ ಮೊಬೈಲುಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ. ಐ.ಎಸ್.ಓ. ಒಂದು ಮಿತಿಗಿಂತ ಕೆಳಗಿಳಿಯದು. ಉಳಿಯುವುದು ಷಟರ್ ಒಂದೇ. ಎಲ್ಲ ಹೊರೆಯೂ ಅದರ ಮೇಲೆ ಬೀಳುತ್ತದೆ.

ಛಾಯಾಗ್ರಾಹಕರಲ್ಲಿ ಒಂದು ಹಳೆಯ ಕೈಲೆಕ್ಕವಿದೆ: ನೇರ ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇದ್ದರೆ, ಐ.ಎಸ್.ಓ. 100ಕ್ಕೆ ಷಟರ್ ಸುಮಾರು 1/100 ಸಾಕು. ಎಫ್/1.8 ಅಪರ್ಚರಿನ ಮೊಬೈಲ್ ಇದಕ್ಕಿಂತ ಸುಮಾರು 79 ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಐ.ಎಸ್.ಓ.ವನ್ನು 50ಕ್ಕೆ ಇಳಿಸಿಕೊಂಡರೂ ಸರಿಯಾದ ಎಕ್ಸ್‌ಪೋಷರಿಗೆ ಅದು 1/4000ದ ಆಸುಪಾಸಿನ ಷಟರನ್ನು ಬಳಸಬೇಕಾಗುತ್ತದೆ. ಬೇಕಾದದ್ದು 1/50 ಅಥವಾ 1/60. ಮೊಬೈಲ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೆಳಕನ್ನು ಸರಿಪಡಿಸುವ ಕೆಲಸವನ್ನು ಅದು ನಿಷ್ಠೆಯಿಂದ ಮಾಡಿದೆ. ಚಲನೆಯ ಕಾಳಜಿಯನ್ನು ಯಾರೂ ಅದಕ್ಕೆ ವಹಿಸಿರಲಿಲ್ಲ.

ಪರಿಹಾರ ಎರಡು ಹಂತದ್ದು. ಮೊದಲನೆಯದಾಗಿ ಕ್ಯಾಮೆರಾವನ್ನು ಷಟರ್ ಆದ್ಯತೆಯ ಮೋಡಿಗೆ (ಕ್ಯಾಮೆರಾದ ಗುಂಡಿಯ ಮೇಲೆ 'ಎಸ್' ಅಥವಾ 'ಟಿವಿ' ಎಂಬ ಗುರುತು) ಇಲ್ಲವೆ ಪೂರ್ಣ ಕೈಹಿಡಿತದ 'ಎಂ' ಮೋಡಿಗೆ ತಂದು ಷಟರನ್ನು ಕಟ್ಟಿಹಾಕಬೇಕು. ಅನೇಕ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಪ್ರೊ ವಿಡಿಯೊ ಎಂಬ ಮೋಡ್ ಇದಕ್ಕೆಂದೇ ಇದೆ. ಐಫೋನಿನ ಸ್ವಂತ ಕ್ಯಾಮೆರಾ ಆ್ಯಪಿನಲ್ಲಿ ಷಟರಿನ ಹಿಡಿತ ಸಿಗದ ಕಾರಣ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಬೇರೆ ಆ್ಯಪ್ ಬೇಕು. ಎರಡನೆಯದಾಗಿ, ಹೀಗೆ ಷಟರನ್ನು 1/50ಕ್ಕೆ ಇಳಿಸಿದೊಡನೆ ಬಿಸಿಲಿನಲ್ಲಿ ಚಿತ್ರ ಪೂರ್ತಿ ಬಿಳಿಯಾಗುತ್ತದೆ. ಮೊದಲ ಬಾರಿ ಪ್ರಯತ್ನಿಸುವವರು ಇಲ್ಲಿಯೇ ಬೆದರಿ ಆಟೊ ಮೋಡಿಗೆ ಹಿಂದಿರುಗುತ್ತಾರೆ. ಹೆಚ್ಚುವರಿ ಬೆಳಕನ್ನು ತಡೆಯಲು ಲೆನ್ಸಿನ ಮುಂದೆ ಎನ್.ಡಿ. ಫಿಲ್ಟರ್ ಹಾಕಬೇಕು. ಬಣ್ಣವನ್ನು ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು ಇದು, ಕ್ಯಾಮೆರಾಕ್ಕೆ ತೊಡಿಸುವ ಕೂಲಿಂಗ್ ಗ್ಲಾಸ್ ಎನ್ನಬಹುದು. ಎನ್.ಡಿ. 8 ಎಂದರೆ ಎಂಟರಲ್ಲಿ ಒಂದು ಪಾಲು, ಎನ್.ಡಿ. 64 ಎಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲು ಬೆಳಕು ಒಳಹೋಗುತ್ತದೆ. ಮೇಲಿನ ಉದಾಹರಣೆಯ 1/4000ವನ್ನು ಎನ್.ಡಿ. 64 ಸುಮಾರು 1/60ಕ್ಕೆ ಇಳಿಸುತ್ತದೆ. ಮೋಡ ಕವಿದ ದಿನಕ್ಕೆ ಇದಕ್ಕಿಂತ ತೆಳುವಾದದ್ದು ಸಾಕು.

ಅಪರ್ಚರ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾಗಳಲ್ಲಿ ಅದನ್ನು ಕಿರಿದು ಮಾಡಿಯೂ ಕೆಲಸ ಸಾಗಿಸಬಹುದು. ಆದರೆ ಐ.ಎಸ್.ಓ. 100ರಲ್ಲಿ 1/50 ಷಟರಿಗೆ ನೇರ ಬಿಸಿಲಿನಲ್ಲಿ ಎಫ್/22ರವರೆಗೆ ಹೋಗಬೇಕಾಗುತ್ತದೆ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕಿನ ವಿವರ್ತನೆಯಿಂದ ಚಿತ್ರದ ಸ್ಪಷ್ಟತೆ ತಗ್ಗುತ್ತದೆ, ಸೆನ್ಸರಿನ ಮೇಲಿನ ಧೂಳಿನ ಕಣಗಳೂ ಕಾಣತೊಡಗುತ್ತವೆ. ಫಿಲ್ಟರೂ ಇಲ್ಲದಿದ್ದಲ್ಲಿ ನೆರಳಿನಲ್ಲಿ ಅಥವಾ ಇಳಿಹೊತ್ತಿನಲ್ಲಿ ಚಿತ್ರೀಕರಿಸುವುದು ಒಂದು ಉಪಾಯ. ಫ್ರೇಮ್ ದರವನ್ನು 50 ಅಥವಾ 60ಕ್ಕೆ ಏರಿಸುವುದು ಇನ್ನೊಂದು: ಷಟರ್ ಅತಿವೇಗವಾಗಿಯೇ ಉಳಿದರೂ ಫ್ರೇಮುಗಳ ನಡುವಿನ ಅಂತರ ಅರ್ಧವಾಗುವುದರಿಂದ ಜರ್ಕ್ ಬಹುಮಟ್ಟಿಗೆ ತಗ್ಗುತ್ತದೆ. ಬಿಸಿಲಿನ ಕ್ರೀಡಾಕೂಟವನ್ನು ಮೊಬೈಲಿನಲ್ಲಿ ತೆಗೆಯುವ ಪೋಷಕರಿಗೆ ಈ ಉಪಾಯ ಎಲ್ಲಕ್ಕಿಂತ ಸುಲಭ.

ಸ್ಪೋರ್ಟ್ಸ್ ಮೋಡಿನ ತಪ್ಪುಗ್ರಹಿಕೆ

ಕ್ಯಾಮ್‌ಕಾರ್ಡರುಗಳಲ್ಲಿಯೂ ಸಣ್ಣ ಡಿಜಿಟಲ್ ಕ್ಯಾಮೆರಾಗಳಲ್ಲಿಯೂ ಸಂದರ್ಭಕ್ಕೆ ತಕ್ಕ ಸಿದ್ಧ ಮೋಡುಗಳಿರುತ್ತವೆ. ಇವುಗಳಲ್ಲಿ ಹೆಚ್ಚು ದಾರಿತಪ್ಪಿಸುವುದು ಸ್ಪೋರ್ಟ್ಸ್ ಮೋಡ್. ಆಟೋಟವನ್ನು ತೆಗೆಯುವಾಗ ಆಟೋಟದ ಮೋಡನ್ನು ಹಾಕುವುದೇ ಸರಿ ಎಂದು ಯಾರಿಗಾದರೂ ತೋರುತ್ತದೆ. ಆದರೆ ಅದರ ಕೆಲಸವೇ ಷಟರ್ ವೇಗವನ್ನು ಏರಿಸಿ ಚಲನೆಯನ್ನು ಹೆಪ್ಪುಗಟ್ಟಿಸುವುದು. ಬ್ಯಾಟಿಗೆ ತಾಗುವ ಚೆಂಡಿನ ಸ್ಥಿರಚಿತ್ರ ಬೇಕಾದವರಿಗೆ, ಇಲ್ಲವೆ ದಾಖಲಿಸಿದ ಬೌಲಿಂಗ್ ಶೈಲಿಯನ್ನು ಒಂದೊಂದು ಫ್ರೇಮಿನಲ್ಲಿ ನಿಲ್ಲಿಸಿ ಪರಿಶೀಲಿಸುವ ತರಬೇತುದಾರರಿಗೆ ಅದು ಉಪಯುಕ್ತ. ಕುಳಿತು ನೋಡುವ ವಿಡಿಯೊಗೆ ಅದು ಹಾನಿಕರ. ಪೋರ್ಟ್ರೇಟ್ ಮೋಡ್ ಕೂಡ ಹಿನ್ನೆಲೆಯನ್ನು ಮಸುಕಾಗಿಸಲು ಅಪರ್ಚರನ್ನು ಅಗಲಿಸುವ ಕಾರಣ ಬಿಸಿಲಿನಲ್ಲಿ ಪರೋಕ್ಷವಾಗಿ ಷಟರನ್ನು ಏರಿಸಿಬಿಡುತ್ತದೆ. ಹಿಂದಿನ ಸಲ ಬಳಸಿದ ಮೋಡ್ ಹಾಗೆಯೇ ಉಳಿದು ಮುಂದಿನ ಸಮಾರಂಭವನ್ನು ಕೆಡಿಸುವುದೂ ಉಂಟು. ಚಿತ್ರೀಕರಣ ಆರಂಭಿಸುವ ಮುನ್ನ ಪರದೆಯ ಮೂಲೆಯಲ್ಲಿರುವ ಮೋಡಿನ ಚಿಹ್ನೆಯ ಮೇಲೊಮ್ಮೆ ಕಣ್ಣಾಡಿಸಬೇಕು.

ಮಂದ ಬೆಳಕಿನಲ್ಲಿ

ರಾತ್ರಿಯಲ್ಲಿ ಸಮಸ್ಯೆ ತಿರುಗುಮುರುಗಾಗುತ್ತದೆ. ಬೆಳಕು ಸಾಲದಾದಾಗ ಆಟೊ ಮೋಡ್ ಷಟರನ್ನು ನಿಧಾನಗೊಳಿಸುತ್ತದೆ. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿಗೆ ದೊರೆಯುವ ಗರಿಷ್ಠ ಕಾಲ 1/25 ಸೆಕೆಂಡ್. ಕ್ಯಾಮೆರಾ ಅದನ್ನೂ ಮೀರಿ 1/12ಕ್ಕೆ ಹೋದರೆ ಎರಡು ಫ್ರೇಮುಗಳಿಗೆ ಒಂದೇ ಚಿತ್ರವನ್ನು ಬಳಸಬೇಕಾಗುತ್ತದೆ. 1/6ಕ್ಕೆ ಹೋದರೆ ನಾಲ್ಕು ಫ್ರೇಮುಗಳಿಗೆ. ಆಗ ಆಕೃತಿಗಳು ಹಿಂದೆ ಬಾಲ ಬಿಡುತ್ತ, ತೂಕಡಿಸುತ್ತ ಸಾಗುತ್ತವೆ. ಹಳೆಯ ಹ್ಯಾಂಡಿಕ್ಯಾಮುಗಳ ಕಲರ್ ಸ್ಲೋ ಷಟರ್ ಇಂಥದೇ ಸೌಲಭ್ಯ. ಸೋನಿ ಕ್ಯಾಮೆರಾಗಳಲ್ಲಿ ಆಟೊ ಸ್ಲೋ ಷಟರ್ ಎಂಬ ಆಯ್ಕೆಯನ್ನು ಆಫ್ ಮಾಡಬಹುದು. ಐಫೋನಿನಲ್ಲಿ ಕತ್ತಲೆಯಾದಾಗ ಫ್ರೇಮ್ ದರವನ್ನೇ ಇಳಿಸುವ ಆಟೊ ಎಫ್.ಪಿ.ಎಸ್. ಎಂಬ ಆಯ್ಕೆಯಿದೆ. ಒಂದೇ ವಿಡಿಯೊದಲ್ಲಿ ಮುಖ ಬೆಳಕಿಗೆ ಬಂದಾಗ ಒಂದು ದರ, ನೆರಳಿಗೆ ಸರಿದಾಗ ಇನ್ನೊಂದು ದರ ಆಗದಂತೆ ಇದನ್ನೂ ಆಫ್ ಮಾಡುವುದು ಒಳಿತು.

ರಾತ್ರಿಯ ಯಕ್ಷಗಾನ ಬಯಲಾಟದಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಪುಂಡುವೇಷದ ಕಲಾವಿದ ಧೀಂಗಿಣ ಹಾಕುವಾಗ ಷಟರ್ 1/12ರಲ್ಲಿದ್ದರೆ ವೇಷದ ಬಣ್ಣಗಳೆಲ್ಲ ಕಲಸಿ ಒಂದು ಮುದ್ದೆಯಾಗಿ, ಗಿರಕಿಯ ಲಯವೇ ಅಳಿಸಿಹೋಗುತ್ತದೆ. ಷಟರನ್ನು 1/50ರಲ್ಲಿ ನಿಲ್ಲಿಸಿ ಐ.ಎಸ್.ಓ. ಏರಿಸಿದರೆ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಬರುತ್ತದೆ, ನಿಜ. ಆದರೂ ಕುಣಿತ ಕುಣಿತವಾಗಿಯೇ ಉಳಿಯುತ್ತದೆ. ಕಾಳು ಕಾಳಾದ ಚಿತ್ರವನ್ನು ನೋಡುಗರು ಬೇಗ ಮರೆಯುತ್ತಾರೆ, ಮುರಿದ ಚಲನೆಯನ್ನು ಮರೆಯುವುದಿಲ್ಲ.

ವಿದ್ಯುತ್ ದೀಪಗಳ ಮಿನುಗು

ಭಾರತದಲ್ಲಿ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್ ಆವರ್ತನದ್ದು. ಹಳೆಯ ಚೋಕಿನ ಟ್ಯೂಬ್‌ಲೈಟುಗಳೂ ಅಗ್ಗದ ಎಲ್.ಇ.ಡಿ. ದೀಪಗಳೂ ಇದರಿಂದ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಷಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಮಿನುಗಿನ ಪೂರ್ಣ ಸುತ್ತುಗಳೇ ಸಿಗುವುದರಿಂದ ಬೆಳಕು ಸಮವಾಗಿರುತ್ತದೆ. 1/60 ಇಟ್ಟರೆ ಕೆಲವು ಫ್ರೇಮ್ ಬೆಳಗಿ ಕೆಲವು ಮಂಕಾಗಿ, ಪರದೆಯ ಮೇಲೆ ಪಟ್ಟೆಗಳು ತೇಲುತ್ತವೆ. ಈ ಬೆಳಕಿನ ತುಯ್ದಾಟವನ್ನೂ ಜರ್ಕ್ ಎಂದೇ ಜನ ಹೇಳುತ್ತಾರೆ. ವಿದ್ಯುತ್ತು 60 ಹರ್ಟ್ಸ್ ಇರುವ ಅಮೆರಿಕದಲ್ಲಿ ಬರೆದ ಮಾರ್ಗದರ್ಶಿಗಳು 30 ಫ್ರೇಮಿಗೆ 1/60 ಎಂದು ಹೇಳುವುದು ಅಲ್ಲಿಗೆ ಸರಿ. ಇಲ್ಲಿನ ಕಲ್ಯಾಣಮಂಟಪದೊಳಗೆ 30 ಫ್ರೇಮಿನಲ್ಲಿ ತೆಗೆಯುವವರು 1/50 ಇಡುವುದು ಯುಕ್ತ. 60 ಫ್ರೇಮಿಗೆ 1/100 ಹೊಂದುತ್ತದೆ.

ಕ್ಯಾಮೆರಾ ತಿರುಗಿಸುವ ವೇಗ ಮತ್ತು ಕಂಪನ ನಿರೋಧ

ಷಟರ್ ಸರಿಯಿದ್ದರೂ ಕ್ಯಾಮೆರಾವನ್ನು ಬೇಗ ತಿರುಗಿಸಿದರೆ ಕಂಬಗಳು, ಕಿಟಕಿಗಳು, ಗೋಪುರದ ಅಂಚುಗಳು ತಡವರಿಸುತ್ತವೆ. 24 ಫ್ರೇಮಿನ ದರದಲ್ಲಿ ಒಂದು ವಸ್ತು ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಲು ಸುಮಾರು 7 ಸೆಕೆಂಡ್ ಬೇಕು ಎಂಬುದು ಛಾಯಾಗ್ರಾಹಕರ ರೂಢಿ. ಚಲಿಸುವ ವ್ಯಕ್ತಿಯನ್ನೇ ಹಿಂಬಾಲಿಸಿ ತಿರುಗಿಸುವಾಗ ಕಣ್ಣು ಅವರ ಮೇಲಿರುವ ಕಾರಣ ಹಿನ್ನೆಲೆಯ ಜರ್ಕ್ ಅಷ್ಟಾಗಿ ಕಾಣದು.

ಮುಕ್ಕಾಲಿಯ ಮೇಲಿಟ್ಟು ತಿರುಗಿಸುವಾಗ ಕಂಪನ ನಿರೋಧವನ್ನು (ಸ್ಟೆಬಿಲೈಸೇಷನ್) ಆಫ್ ಮಾಡಬೇಕು. ಇಲ್ಲದಿದ್ದರೆ ಅದು ಬೇಕೆಂದು ಮಾಡಿದ ತಿರುವನ್ನೂ ನಡುಕವೆಂದು ಬಗೆದು ತಡೆಹಿಡಿದು, ತಡೆಯಲಾರದಾದಾಗ ಒಮ್ಮೆಗೇ ಬಿಟ್ಟುಕೊಡುತ್ತದೆ. ಆರಂಭದಲ್ಲಿಯೂ ಕೊನೆಯಲ್ಲಿಯೂ ಒಂದು ಎಳೆತ ಉಳಿಯುತ್ತದೆ. ನಡೆಯುತ್ತ ತೆಗೆಯುವಾಗ ಎಲೆಕ್ಟ್ರಾನಿಕ್ ಕಂಪನ ನಿರೋಧ ಉಪಯುಕ್ತವಾದರೂ ಅಲ್ಲಿ 180 ಡಿಗ್ರಿ ರೂಢಿಯನ್ನು ಸಡಿಲಿಸುವುದು ಲೇಸು. ಅದು ಫ್ರೇಮುಗಳನ್ನು ಜಾಗ ಬದಲಿಸಿ ಜೋಡಿಸುತ್ತದೆಯೇ ಹೊರತು ಹೆಜ್ಜೆಯ ಕುಲುಕಿನಿಂದ ಫ್ರೇಮಿನೊಳಗೆ ಸೇರಿಹೋದ ಮಸುಕನ್ನು ತೆಗೆಯಲಾರದು. ಚಿತ್ರ ನಿಶ್ಚಲವಾಗಿದ್ದೂ ಪ್ರತಿ ಹೆಜ್ಜೆಗೆ ಒಮ್ಮೆ ಮಂಜಾಗುವುದು ಇದರಿಂದಲೇ. ಇಂಥಲ್ಲಿ 1/100ರಿಂದ 1/200 ಒಳ್ಳೆಯ ರಾಜಿ.

ಷಟರಿಗೆ ಸಂಬಂಧಿಸದ ಕಾರಣಗಳು

ಮೆಮೊರಿ ಕಾರ್ಡ್ ನಿಧಾನವಾದರೆ ಫ್ರೇಮುಗಳು ನಷ್ಟವಾಗುತ್ತವೆ, ಇಲ್ಲವೆ ದಾಖಲೆಯೇ ನಿಂತುಹೋಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ದರದ ವಿಡಿಯೊ 12.5 ಮೆಗಾಬೈಟ್ ಬರೆಯುತ್ತದೆ. ಕ್ಲಾಸ್ 10 ಎಂಬ ಗುರುತು 10 ಮೆಗಾಬೈಟಿಗೆ ಮಾತ್ರ ಖಾತ್ರಿ ಕೊಡುತ್ತದೆ. ವಿ30 ಎಂಬುದು 30ಕ್ಕೆ.

ಪರದೆಯ ದರವೂ ಮುಖ್ಯ. ಸೆಕೆಂಡಿಗೆ 60 ಸಲ ನವೀಕರಿಸುವ ಪರದೆಯಲ್ಲಿ 25 ಫ್ರೇಮಿನ ವಿಡಿಯೊವನ್ನು ತೋರಿಸುವಾಗ ಒಂದು ಫ್ರೇಮ್ ಎರಡು ಸಲ, ಮತ್ತೊಂದು ಮೂರು ಸಲ ಕಾಣುತ್ತದೆ. ಈ ಅಸಮತೆ ನಿಧಾನವಾಗಿ ತಿರುಗುವ ದೃಶ್ಯಗಳಲ್ಲಿ ಸಣ್ಣ ತಡವರಿಕೆಯಾಗಿ ತೋರಬಹುದು. ಮೊಬೈಲು ಮತ್ತು ಕಂಪ್ಯೂಟರಿಗಾಗಿಯೇ ತೆಗೆಯುವವರು 30 ಅಥವಾ 60 ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಸಂಕಲನದಲ್ಲಿ 30 ಫ್ರೇಮಿನ ತುಣುಕನ್ನು 25ರ ಯೋಜನೆಗೆ ಸೇರಿಸಿದರೆ ಪ್ರತಿ ಆರರಲ್ಲಿ ಒಂದು ಫ್ರೇಮ್ ಬಿಟ್ಟುಹೋಗಿ, ಸೆಕೆಂಡಿಗೆ ಐದು ಸಲ ಜಿಗಿತ ಕಾಣಿಸುತ್ತದೆ. ಇಬ್ಬರು ಮೂವರು ಸೇರಿ ಒಂದೇ ಸಮಾರಂಭವನ್ನು ತೆಗೆಯುವಾಗ ಫ್ರೇಮ್ ದರವನ್ನು ಮೊದಲೇ ಮಾತಾಡಿಕೊಳ್ಳಬೇಕು.

ಬೇಕೆಂದೇ ಬಳಸಿದ ಜರ್ಕ್

ಈ ದೋಷವನ್ನು ಕಲೆಯ ಸಾಧನವಾಗಿಯೂ ಬಳಸಿದ್ದಾರೆ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರದ ಸಮುದ್ರತೀರದ ಯುದ್ಧದೃಶ್ಯಗಳಲ್ಲಿ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ 90 ಮತ್ತು 45 ಡಿಗ್ರಿ ಷಟರನ್ನು ಬಳಸಿದರು. ಸಿಡಿದ ಮಣ್ಣಿನ ಒಂದೊಂದು ಕಣವೂ ಬಿಡಿಬಿಡಿಯಾಗಿ ಕಂಡು, ಸೈನಿಕರ ಓಟ ಕಡಿದುಕಡಿದು ಸಾಗುವಂತಾಗಿ, ನೋಡುಗರಲ್ಲಿ ತಲ್ಲಣ ಹುಟ್ಟುತ್ತದೆ. ಮದುವೆಯ ವಿಡಿಯೊದಲ್ಲಿ ಅಕ್ಷತೆ ಬೀಳುವಾಗ ಅದೇ ತಲ್ಲಣ ಕಂಡರೆ ಅದು ಆಟೊ ಮೋಡಿನ ಕೊಡುಗೆ.

ಸಂಕಲನದಲ್ಲಿ ತಿದ್ದುವಿಕೆ

ಅತಿವೇಗದ ಷಟರಿನಿಂದ ಹುಟ್ಟಿದ ಜರ್ಕನ್ನು ತಗ್ಗಿಸಲು ಸಂಕಲನ ತಂತ್ರಾಂಶಗಳಲ್ಲಿ ಕೃತಕ ಮಸುಕು ಬೆರೆಸುವ ಸೌಲಭ್ಯವಿದೆ. ಎರಡು ಫ್ರೇಮುಗಳ ನಡುವೆ ಪ್ರತಿಯೊಂದು ಭಾಗ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಅಂದಾಜಿಸಿ ತಂತ್ರಾಂಶ ಮಸುಕನ್ನು ರಚಿಸುತ್ತದೆ. ಬಯಲಿನಲ್ಲಿ ಸಾಗುವ ಬಸ್ಸಿನಂಥ ಸರಳ ಚಲನೆಗೆ ಇದು ಸಾಕಷ್ಟು ಒಪ್ಪುತ್ತದೆ. ಒಂದನ್ನೊಂದು ದಾಟುವ ಕೈಗಳು, ಗುಂಪಿನ ಓಟ, ಹಾರುವ ಸೆರಗು ಇಂಥವುಗಳಲ್ಲಿ ಅಂದಾಜು ತಪ್ಪಿ ಅಂಚುಗಳು ಕರಗಿದಂತೆ ವಿಕಾರಗೊಳ್ಳುತ್ತವೆ. ನಿಧಾನ ಷಟರಿನಿಂದ ಕಲಸಿಹೋದ ಚಿತ್ರವನ್ನು ಚೂಪುಗೊಳಿಸುವುದು ಇದಕ್ಕಿಂತಲೂ ಕಠಿಣ. ಫ್ರೇಮ್ ದರ ಏರುಪೇರಾದ ಮೊಬೈಲ್ ವಿಡಿಯೊವನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ಪರಿವರ್ತಿಸಿಕೊಂಡು ಸಂಕಲನಕ್ಕೆ ತಂದರೆ ಧ್ವನಿಯೂ ಚಿತ್ರವೂ ಒಂದನ್ನೊಂದು ಬಿಟ್ಟು ಸರಿಯುವುದು ತಪ್ಪುತ್ತದೆ. ದಾಖಲಾಗುವಾಗಲೇ ಕಳೆದುಹೋದ ಫ್ರೇಮುಗಳು ಮಾತ್ರ ಇದರಿಂದ ಮರಳಿ ಬರುವುದಿಲ್ಲ.